ನಮ್ಮನೇಲಿ ಚಿಟ್ಟೆ ಬರಲ್ಲ

ಮಾರ್ಚ್ ಎರಡನೇ ವಾರ. ಗೌರಿಬಿದನೂರು ತಾಲ್ಲೂಕಿನ ಒಂದು ಪ್ರೌಢಶಾಲೆ. ಸಂಜೆ ಏಳೂವರೆ.

ಸುಣ್ಣ ಬಳಿದ ಗೋಡೆಯ ಮೇಲೆ ಆಕಾಶ ಮೂಡಿದೆ. ಎರಡು ಬೆಂಚು ಜೋಡಿಸಿ ಪ್ರೊಜೆಕ್ಟರ್ ಇಟ್ಟಿದ್ದಾರೆ, ಪಕ್ಕದ ಲ್ಯಾಪ್‌ಟಾಪಿನಲ್ಲಿ ಸ್ಟೆಲೇರಿಯಮ್ ಎಂಬ ಆಕಾಶ ತೋರಿಸುವ ತಂತ್ರಾಂಶ ಓಡುತ್ತಿದೆ. ಮೂವತ್ತು ಮಕ್ಕಳು ಜಮಖಾನದ ಮೇಲೆ ಕೂತಿದ್ದಾರೆ. ಸೆಕೆಗೆ ಕಿಟಕಿ ತೆರೆದಿಟ್ಟಿರುವುದರಿಂದ ಬೆಳಕಿಗೆ ಹುಳುಗಳು ಬರತೊಡಗಿವೆ. ಮೊದಲು ಬಂದದ್ದು ಅಕ್ಕಿಕಾಳಿಗಿಂತ ಸಣ್ಣ ಹಸಿರು ಜಿಗಿಹುಳುಗಳು. ಆಮೇಲೆ ಒಂದು ಕಂದು ಪತಂಗ. ಅದು ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳ ಕೆಳಗೆ ಕೂತಿತು.

ಟ್ಯೂಬ್‌ಲೈಟಿನ ಹಿಂದಿನಿಂದ ಹಲ್ಲಿ ಇಳಿಯಿತು. ಒಂದು ಗೇಣು ಬಂದು ನಿಂತಿತು. ರೋಹಿಣಿಯ ಕೆಂಪು ಚುಕ್ಕೆ ಅದರ ಬೆನ್ನಿನ ಮೇಲೆ ಬಿದ್ದಿತ್ತು. ಮೈ ಅಲುಗಲಿಲ್ಲ, ಬಾಲದ ತುದಿ ಮಾತ್ರ ಎಡಕ್ಕೆ ಬಲಕ್ಕೆ ಆಡುತ್ತಿತ್ತು. ಮತ್ತೆ ಎರಡು ಬೆರಳು ಮುಂದಕ್ಕೆ ಸರಿಯಿತು, ಮತ್ತೆ ನಿಂತಿತು. ಕೃತ್ತಿಕೆಯ ಬಗ್ಗೆ ಹೇಳುತ್ತಿದ್ದ ಮೇಷ್ಟ್ರು ಮಾತು ನಿಲ್ಲಿಸಿದರು. ಹಲ್ಲಿಯನ್ನು ಓಡಿಸಲಿಲ್ಲ, ಮಕ್ಕಳನ್ನು ಗದರಲೂ ಇಲ್ಲ, ತಾವೂ ನೋಡುತ್ತ ನಿಂತರು. ಒಂದು ನಿಮಿಷವೋ ಒಂದೂವರೆಯೋ ಕಳೆದಿರಬೇಕು. ಪತಂಗದ ರೆಕ್ಕೆಗಳು ಹಲ್ಲಿಯ ಬಾಯಿಯ ಎರಡೂ ಬದಿಗೆ ಚಾಚಿಕೊಂಡಾಗ ಅಷ್ಟೂ ಮಕ್ಕಳು ಒಟ್ಟಿಗೆ ಉಸಿರು ಬಿಟ್ಟರು. ಆಮೇಲೆ ಮೇಷ್ಟ್ರು ಕೃತ್ತಿಕೆಗೆ ವಾಪಸು ಬಂದರು.

ಹಕ್ಕಿ, ಹುಳು, ಕೆರೆ ನೋಡಿ ಬರೆದಿಡುವುದು ನನ್ನ ಹಳೆಯ ಅಭ್ಯಾಸ. ಈ ವರ್ಷ ಅದೇ ನೋಟ್‌ಬುಕ್ಕಿನಲ್ಲಿ ನಮ್ಮ ಸೀಮೆಯ ಶಾಲೆಗಳ ಪರದೆಗಳನ್ನೂ ಬರೆದಿಡತೊಡಗಿದೆ. ಕಂಪ್ಯೂಟರಿನೊಳಗೆ ಕಟ್ಟಿದ ಆಕಾಶ, ಭೂಗೋಳ, ಹುಳುವಿನ ಒಳಮೈ ಎಲ್ಲ ಈಗ ತರಗತಿಗೆ ಬಂದಿವೆ. ಇವು ಒಳ್ಳೆಯವೋ ಕೆಟ್ಟವೋ ಎಂದು ವಾದ ಮಾಡುವವರು ಬಹಳ ಮಂದಿ. ನನಗೆ ಇವನ್ನು ಒಂದು ಹೊಸ ಪ್ರಾಣಿಯನ್ನು ನೋಡುವ ಹಾಗೆ ನೋಡಬೇಕು ಅನ್ನಿಸಿತು. ಎಲ್ಲಿ ಇರುತ್ತದೆ, ಯಾವ ಹೊತ್ತಿನಲ್ಲಿ ಚುರುಕಾಗಿರುತ್ತದೆ, ಅದರ ಹತ್ತಿರ ಯಾರು ಸುಳಿಯುತ್ತಾರೆ, ಅದು ಎದ್ದುಹೋದ ಮೇಲೆ ಆ ಜಾಗದಲ್ಲಿ ಏನು ಉಳಿಯುತ್ತದೆ.

ಸ್ಟೆಲೇರಿಯಮ್ ನಮ್ಮ ಶಾಲೆಗಳಿಗೆ ಬಂದು ವರ್ಷಗಳಾದವು. 2011ರಿಂದ ಈಚೆಗೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ, ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಸರ್ಕಾರಿ ಪ್ರೌಢಶಾಲೆಗಳ ಮೇಷ್ಟ್ರುಗಳಿಗೆ ಉಬುಂಟು, ಜಿಯೋಜೀಬ್ರಾ, ಫೆಟ್, ಸ್ಟೆಲೇರಿಯಮ್ ಎಲ್ಲ ಕಲಿಸಿದರು. ಮೇಷ್ಟ್ರುಗಳು ತಯಾರಿಸಿದ ಪಾಠಗಳನ್ನು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಎಂಬ ಜಾಲತಾಣದಲ್ಲಿ ಕನ್ನಡದಲ್ಲೇ ಇಟ್ಟರು. ಈ ತಂತ್ರಾಂಶಗಳನ್ನು ದುಡ್ಡು ಕೊಟ್ಟು ಕೊಳ್ಳಬೇಕಿಲ್ಲ. ಒಮ್ಮೆ ಯಂತ್ರಕ್ಕೆ ಇಳಿಸಿಕೊಂಡರೆ ಸ್ಟೆಲೇರಿಯಮ್ಮಿಗೆ ನೆಟ್ ಕೂಡ ಬೇಡ. ಇದು ಸಣ್ಣ ಮಾತಲ್ಲ. ಮಕ್ಕಳನ್ನು ಕೂತಲ್ಲಿಂದಲೇ ಹವಳದ ದಿಬ್ಬಕ್ಕೂ ಮಂಗಳ ಗ್ರಹಕ್ಕೂ ಕರೆದೊಯ್ಯುತ್ತಿದ್ದ ಗೂಗಲ್ ಎಕ್ಸ್‌ಪೆಡಿಶನ್ಸ್ 2015ರಲ್ಲಿ ಶುರುವಾಗಿ 2021ರ ಜೂನ್ ಕೊನೆಗೆ ನಿಂತೇಹೋಯಿತು. ಮೇಷ್ಟ್ರ ಲ್ಯಾಪ್‌ಟಾಪಿನಲ್ಲಿರುವ ಆಕಾಶವನ್ನು ಹಾಗೆ ಯಾರೂ ಮುಚ್ಚಿಕೊಂಡು ಹೋಗಲಾರರು.

ಈ ಶಾಲೆಯ ಮೇಷ್ಟ್ರು ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಸ್ಟೆಲೇರಿಯಮ್ಮಿನಲ್ಲಿ ದಿಗಂತದ ಚಿತ್ರ ಬದಲಿಸಿಕೊಳ್ಳಬಹುದು. ಮೊದಲೇ ಬರುವುದು ಯಾವುದೋ ದೂರದ ದೇಶದ ಹುಲ್ಲುಗಾವಲು. ಇವರು ಆಟದ ಮೈದಾನದ ನಡುವೆ ನಿಂತು ಫೋನಿನಲ್ಲಿ ಸುತ್ತಲೂ ಚಿತ್ರ ತೆಗೆದು ಅದನ್ನೇ ದಿಗಂತವಾಗಿ ಕೂರಿಸಿದ್ದಾರೆ. ಹಾಗಾಗಿ ಗೋಡೆಯ ಮೇಲಿನ ಸೂರ್ಯ ಮುಳುಗಿದ್ದು ಓವರ್‌ಹೆಡ್ ಟ್ಯಾಂಕಿನ ಹಿಂದೆ. ಲುಬ್ಧಕ ಇರುವುದು ಹುಣಸೆಮರದ ಮೇಲೆ. ಸಪ್ತರ್ಷಿಗಳು ಏಳುತ್ತಿರುವುದು ಬಂಡೆಗುಡ್ಡದ ಬೆನ್ನಿನಿಂದ. ಮಕ್ಕಳಿಗೆ ನಕ್ಷತ್ರದ ವಿಳಾಸ ಸಿಕ್ಕಿಬಿಟ್ಟಿತು.

ಮೇಷ್ಟ್ರು ಒಂದು ಗುಂಡಿ ಒತ್ತಿ ನೆಲವನ್ನೇ ತೆಗೆದರು. ಕಾಲಿನ ಕೆಳಗಿದ್ದ ಆಕಾಶ ಕಂಡಿತು. ಒಬ್ಬ ಹುಡುಗ ಕೂತಲ್ಲೇ ಕಾಲು ಎತ್ತಿಕೊಂಡ. ಇನ್ನೂ ಮೂಡದ ನಕ್ಷತ್ರಗಳು ಭೂಮಿಯ ಆಚೆ ಬದಿಯಲ್ಲಿ ಸಾಲಾಗಿ ಕಾಯುತ್ತಿರುವುದನ್ನು ಬರಿಗಣ್ಣಿಗೆ ತೋರಿಸುವ ಬೆಟ್ಟ ಯಾವುದೂ ಇಲ್ಲ. ಅದನ್ನು ತೋರಿಸಲು ಇಂಥದೇ ಒಂದು ಲೋಕ ಬೇಕು.

ಆಮೇಲೆ ಧ್ರುವ. ಪರದೆಯಲ್ಲಿ ಹುಡುಕುವುದು ಸುಲಭ, ಹೆಸರು ಬರೆದಿರುತ್ತದೆ. ಎಲ್ಲರನ್ನೂ ಮೈದಾನಕ್ಕೆ ಕರೆದುಕೊಂಡು ಹೋದರು. ಯಾವ ಊರಿನ ಅಕ್ಷಾಂಶ ಎಷ್ಟೋ ಅಲ್ಲಿ ಧ್ರುವನ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಗೌರಿಬಿದನೂರಿನಲ್ಲಿ ಅದು ಹದಿಮೂರೂವರೆ ಡಿಗ್ರಿ ಚಿಲ್ಲರೆ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಹತ್ತು ಡಿಗ್ರಿ, ಅದರ ಮೇಲೆ ಎರಡು ಬೆರಳು. ಅಷ್ಟು ತಗ್ಗಿನಲ್ಲಿ ನಮ್ಮ ಕಡೆ ಮಾರ್ಚ್ ತಿಂಗಳ ಧೂಳು ತುಂಬಿರುತ್ತದೆ. ಮೂವತ್ತು ಮುಷ್ಟಿಗಳು ಉತ್ತರಕ್ಕೆ ಚಾಚಿದವು. ಹತ್ತು ನಿಮಿಷ ಯಾರಿಗೂ ಏನೂ ಕಾಣಲಿಲ್ಲ. ಮನೆಗೆ ಹೋಗುವ ಹೊತ್ತಿಗೆ ಒಬ್ಬಳು "ಅದೇನಾ ಸಾರ್, ಮಂಕಾಗಿ?" ಅಂದಳು. ಅದೇ. ನನಗೆ ಕಾಣಿಸಿದ್ದು ಅವಳು ತೋರಿಸಿದ ಮೇಲೆ.

ಮಾರನೆಯ ದಿನ, ಅದೇ ತಾಲ್ಲೂಕು.

ಬಯಲಿನಲ್ಲಿ ಕಂಬಗಳು ಸಾಲುಸಾಲಾಗಿ ನಿಂತಿವೆ, ನಡುವೆ ತಂತಿ. ಗೊತ್ತಿಲ್ಲದವರಿಗೆ ಟೊಮೆಟೊ ಬಳ್ಳಿಗೆ ಕಟ್ಟಿದ ಆಸರೆಯಂತೆ ಕಾಣುತ್ತದೆ. ಇದು ಗೌರಿಬಿದನೂರಿನ ರೇಡಿಯೊ ದೂರದರ್ಶಕ. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ 1976ರಲ್ಲಿ ಕಟ್ಟಲು ತೊಡಗಿದ್ದು. ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಸಾವಿರ ದ್ವಿಧ್ರುವ ಆಂಟೆನಾಗಳು. ಪೂರ್ವ ಪಶ್ಚಿಮದ ತೋಳು ಸುಮಾರು 1.4 ಕಿಲೋಮೀಟರ್, ದಕ್ಷಿಣದ ತೋಳು ಅರ್ಧ ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಇದು ಕೇಳಿಸಿಕೊಳ್ಳುತ್ತಿದ್ದದ್ದು 34.5 ಮೆಗಾಹರ್ಟ್ಸ್ ಅಲೆಗಳನ್ನು. ಒಂದೊಂದು ಅಲೆಯ ಉದ್ದ ಎಂಟೂಮುಕ್ಕಾಲು ಮೀಟರಿನ ಹತ್ತಿರ, ಹೆಚ್ಚುಕಡಿಮೆ ಒಂದು ತರಗತಿ ಕೋಣೆಯಷ್ಟು. 1997ರಿಂದ ಅಲ್ಲೇ ಸೂರ್ಯನ ಹೊರ ಕವಚವನ್ನು ನೋಡುವ ರೇಡಿಯೊ ಹೀಲಿಯೋಗ್ರಾಫ್ ಕೂಡ ಇದೆ.

ಇಲ್ಲಿ ಯಾರೂ ಕೊಳವೆಗೆ ಕಣ್ಣಿಟ್ಟು ಆಕಾಶ ನೋಡುವುದಿಲ್ಲ. ತಂತಿಗೆ ಬಂದ ಮಿಡುಕನ್ನು ಗುರುತಿಟ್ಟು, ಲೆಕ್ಕ ಹಾಕಿ, ಆಕಾಶದ ಚಿತ್ರವನ್ನು ಕಟ್ಟುತ್ತಾರೆ. ಆ ಚಿತ್ರದಲ್ಲಿರುವ ಆಕಾಶವನ್ನು ಯಾವ ಕಣ್ಣೂ ಕಂಡಿಲ್ಲ, ಆದರೂ ಅದು ನಿಜ. ಕಂಪ್ಯೂಟರಿನಲ್ಲಿ ಕಟ್ಟಿದ್ದೆಲ್ಲ ಸುಳ್ಳು ಎನ್ನುವ ಹಿರಿಯರಿಗೂ, ಪರದೆಯಲ್ಲಿ ಕಂಡದ್ದೆಲ್ಲ ನಿಜ ಎನ್ನುವ ಮಕ್ಕಳಿಗೂ ನಾನು ಈ ತಂತಿ ಕಂಬಗಳನ್ನು ತೋರಿಸಬೇಕು ಅಂದುಕೊಳ್ಳುತ್ತೇನೆ. ಕಟ್ಟಿದ ಚಿತ್ರ ನಿಜವಾಗುವುದು ಅದರ ಹಿಂದೆ ಯಾರೋ ಕಾದು ಅಳೆದಿದ್ದರೆ. ಒಂದು ಮೈನಾ ಜೋಡಿ ಆಂಟೆನಾ ಕಂಬದ ನೆತ್ತಿಯ ಮೇಲೆ ಕೂತು ತಮ್ಮ ಪಾಡಿಗೆ ಗರಿ ತಿದ್ದಿಕೊಳ್ಳುತ್ತಿದ್ದವು.

ಎಚ್. ನರಸಿಂಹಯ್ಯನವರು ಹುಟ್ಟಿದ ಹೊಸೂರು ಇದೇ ತಾಲ್ಲೂಕಿನದು. 1920ರಲ್ಲಿ ಹುಟ್ಟಿದ ಆ ಬಡ ಮನೆಯ ಹುಡುಗ ಓದುವ ಆಸೆಗೆ ಬೆಂಗಳೂರಿಗೆ ನಡೆದೇ ಹೋದರು. ಮುಂದೆ 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಕೇಳದೆ ಒಪ್ಪಬೇಡಿ ಎಂಬುದೇ ಅವರು ಬದುಕಿನುದ್ದಕ್ಕೂ ಕಲಿಸಿದ ಪಾಠ. ಧ್ರುವನನ್ನು ಗೋಡೆಯ ಮೇಲೆ ನೋಡಿ ಸುಮ್ಮನಾಗದೆ ಮುಷ್ಟಿ ಚಾಚಿದ ಮಕ್ಕಳನ್ನು ಕಂಡಾಗ ಅವರ ನೆನಪಾಯಿತು.

ಚಿಕ್ಕಬಳ್ಳಾಪುರ. ಜುಲೈ, ಮೋಡದ ದಿನ.

ಇಲ್ಲಿನ ಪರದೆಯಲ್ಲಿ ಗೂಗಲ್ ಅರ್ಥ್. ಭೂಗೋಳ ಹೇಳುವ ಮಿಸ್ ಮಕ್ಕಳಿಗೆ ಒಂದೇ ಪ್ರಶ್ನೆ ಕೊಟ್ಟಿದ್ದಾರೆ: ನಂದಿ ಬೆಟ್ಟದ ಸಾಲಿನ ಮೇಲೆ ಬಿದ್ದ ಮಳೆ ಹನಿ ಎಲ್ಲಿಗೆ ಹೋಗುತ್ತದೆ?

ನಂದಿ 1,478 ಮೀಟರ್ ಎತ್ತರ. ದಿನಾ ನೋಡುವ ಬೆಟ್ಟ, ಪ್ರೇಯರ್‌ಗೆ ನಿಂತರೆ ಎದುರಿಗೇ ಕಾಣುತ್ತದೆ. ಅದರ ಒಂದು ಮಗ್ಗುಲಿಗೆ ಬಿದ್ದ ನೀರು ಉತ್ತರ ಪಿನಾಕಿನಿಯಾಗಿ ಗೌರಿಬಿದನೂರನ್ನು ದಾಟಿ ಆಂಧ್ರ ಸೇರಿ ನೆಲ್ಲೂರಿನ ಬಳಿ ಸಮುದ್ರ ಕಾಣುತ್ತದೆ. ಇನ್ನೊಂದು ಕಡೆಗೆ ಇಳಿದದ್ದು ದಕ್ಷಿಣ ಪಿನಾಕಿನಿಯಾಗಿ ತಮಿಳುನಾಡು ಸುತ್ತಿ ಕಡಲೂರಿನ ಹತ್ತಿರ ಅದೇ ಸಮುದ್ರಕ್ಕೆ ಬೀಳುತ್ತದೆ. ಅರ್ಕಾವತಿಯ ಪಾಲಿನದು ಸಂಗಮದಲ್ಲಿ ಕಾವೇರಿ ಸೇರುತ್ತದೆ. ಅಕ್ಕಪಕ್ಕ ಬಿದ್ದ ಹನಿಗಳು ಸಮುದ್ರ ಮುಟ್ಟುವ ಹೊತ್ತಿಗೆ ನೂರಾರು ಮೈಲಿ ದೂರವಾಗಿರುತ್ತವೆ. ಇದನ್ನು ಮಕ್ಕಳು ಮೌಸಿನ ಗಾಲಿ ತಿರುಗಿಸುತ್ತ, ಬೆಟ್ಟದಿಂದ ಕಡಲಿನ ತನಕ ಗೆರೆ ಹಿಡಿದು ಹೋದರು. ಪಠ್ಯಪುಸ್ತಕದಲ್ಲಿ ಇದು ಅರ್ಧ ಸಾಲು. ಬೆಟ್ಟದ ಮೇಲೆ ನಿಂತರೂ ಕಾಣುವುದಿಲ್ಲ. ನಲವತ್ತು ವರ್ಷ ಇದೇ ಬೆಟ್ಟ ಹತ್ತಿ ಇಳಿದ ನಾನೂ ಅಷ್ಟು ಸ್ಪಷ್ಟವಾಗಿ ಕಂಡದ್ದು ಅಂದೇ.

ಅದೇ ಗಂಟೆಯಲ್ಲಿ ಅದೇ ಪರದೆ ನನ್ನ ಮನಸ್ಸಿಗೆ ಕಸಿವಿಸಿಯನ್ನೂ ತಂದಿತು. ಒಬ್ಬ ಹುಡುಗ ಬೆಟ್ಟದ ಬುಡದ ಹಸಿರು ತೋರಿಸಿ "ಇಲ್ಲಿ ಕಾಡಿದೆ" ಅಂದ. ಅದು ನೀಲಗಿರಿ ತೋಪು. ಮೇಲಿನಿಂದ ನೋಡುವ ಕಣ್ಣಿಗೆ ಕಾಡೂ ಹಸಿರು, ತೋಪೂ ಹಸಿರು. ಕೆಳಗೆ ಹೋಗಿ ನಿಂತರೆ ಒಂದರಲ್ಲಿ ಕಾಲಿಗೆ ತರಗೆಲೆ ಮೆತ್ತಗೆ ತಾಗುತ್ತದೆ, ಹರಟೆಮಲ್ಲಗಳ ಗುಂಪು ಎಲೆ ಕೆದಕುತ್ತ ಗಲಾಟೆ ಮಾಡುತ್ತಿರುತ್ತದೆ. ಇನ್ನೊಂದರಲ್ಲಿ ನೆಲ ಗಟ್ಟಿ, ಸದ್ದಿಲ್ಲ, ಸಿಪ್ಪೆ ಸುಲಿದ ಕಾಂಡಗಳು. ನಂದಿಯ ಬಂಡೆಗಳ ನಡುವಿನ ಕುರುಚಲಿನಲ್ಲಿರುವ ಹಳದಿ ಕತ್ತಿನ ಪಿಕಳಾರ ದಕ್ಷಿಣ ಭಾರತದ ಇಂಥ ಕೆಲವು ಬಂಡೆಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದು ನೀಲಗಿರಿ ತೋಪಿಗೆ ಬರುವುದಿಲ್ಲ. ಹಸಿರಿಗೂ ಹಸಿರಿಗೂ ಇರುವ ಆ ವ್ಯತ್ಯಾಸ ಅಷ್ಟು ಎತ್ತರದಿಂದ ಕಾಣದು.

ಮಿಸ್ ಇದನ್ನು ಬಲ್ಲವರು. ಹಳೆಯ ಚಿತ್ರಗಳ ಪಟ್ಟಿ ತೆರೆದು ಕಂದವಾರ ಕೆರೆಯನ್ನು ವರ್ಷದಿಂದ ವರ್ಷಕ್ಕೆ ತೋರಿಸಿದರು. ಒಂದರಲ್ಲಿ ಕಂದು, ಇನ್ನೊಂದರಲ್ಲಿ ನೀರು. ನಮ್ಮದು ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ. ಹೆಬ್ಬಾಳ ನಾಗವಾರ ಕಣಿವೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಈ ಕೆರೆಗೆ ಬಂದದ್ದು, 2021ರ ನವೆಂಬರಿನ ಮಳೆಗೆ ಎಷ್ಟೋ ವರ್ಷಗಳ ಮೇಲೆ ಕೆರೆಗಳು ಕೋಡಿ ಹರಿದದ್ದು ಎಲ್ಲ ಮಕ್ಕಳಿಗೆ ನೆನಪಿದೆ. "ಹೋಗಿ ಅಜ್ಜಿ ತಾತನ್ನ ಕೇಳಿ, ನೀವು ಚಿಕ್ಕವರಿದ್ದಾಗ ಈ ಕೆರೆ ಎಲ್ಲೀವರೆಗೆ ಇತ್ತು ಅಂತ. ಅವರು ಹೇಳಿದ ಗಡಿಯನ್ನ ಇದರ ಮೇಲೆ ಗೆರೆ ಹಾಕಿ" ಎಂದರು. ಮುಂದಿನ ವಾರ ಪರದೆಯ ಮೇಲೆ ಆರು ಅಜ್ಜಿಯರ ಆರು ಗೆರೆಗಳು ಬಂದವು. ಒಂದೂ ಇನ್ನೊಂದಕ್ಕೆ ಸರಿಹೊಂದಲಿಲ್ಲ. ಎಲ್ಲವೂ ಈಗಿನ ನೀರಿನ ಅಂಚಿಗಿಂತ ಆಚೆ ಇದ್ದವು.

ಚಿಂತಾಮಣಿ, ಕೈವಾರದ ಬೆಟ್ಟದ ತಪ್ಪಲು. ಆಗಸ್ಟ್.

ಇಲ್ಲಿಯದು ಚಿಕ್ಕ ಟಿಪ್ಪಣಿ. ಶಾಲೆಯಲ್ಲಿ ಹಕ್ಕಿಗಳ ಕೂಗನ್ನು ಫೋನಿನಿಂದ ಕೇಳಿ ಕಲಿತ ಮಕ್ಕಳು ಬಂದಿದ್ದರು. ಕಿವಿ ಚೆನ್ನಾಗಿ ತಯಾರಾಗಿತ್ತು. ಮರದೊಳಗೆ ಅವಿತ ಕೆಂಬೂತವನ್ನು, ಕಂಚುಗಾರ ಹಕ್ಕಿಯನ್ನು ನೋಡುವ ಮೊದಲೇ ಹೆಸರಿಸಿದರು. ಹಿಂದೆ ಇದನ್ನು ಕಲಿಯಲು ನನಗೆ ನಾಲ್ಕು ಬೇಸಿಗೆ ಹಿಡಿದಿತ್ತು.

ಆಮೇಲೆ ಒಬ್ಬ ಫೋನಿನಲ್ಲಿದ್ದ ಕಂಚುಗಾರನ ಕೂಗನ್ನು ಜೋರಾಗಿ ಹಾಕಿದ. ಮರದ ಮೇಲಿನ ಹಕ್ಕಿ ಟುಕ್ ಟುಕ್ ಎಂದು ಉತ್ತರ ಕೊಟ್ಟಿತು. ಮಕ್ಕಳಿಗೆ ಖುಷಿ. ಇನ್ನೊಮ್ಮೆ ಹಾಕಿದ. ಹಕ್ಕಿ ತುದಿಕೊಂಬೆಗೆ ಬಂದು ಅತ್ತಿತ್ತ ನೋಡಿತು, ತನ್ನ ಜಾಗಕ್ಕೆ ಇನ್ನೊಬ್ಬ ಬಂದಿದ್ದಾನೆಂದು ಹುಡುಕಿತು. ಮೂರನೇ ಸಲಕ್ಕೆ ನಾನು ಫೋನ್ ಇಸಕೊಂಡೆ. ಮನೆಯಂಗಳಕ್ಕೆ ದಿನಾ ಯಾರೋ ಬಂದು ಜಗಳಕ್ಕೆ ಕರೆದು ಮುಖ ತೋರಿಸದೆ ಓಡಿದರೆ ನಿಮ್ಮ ತಂದೆಗೆ ಹೇಗಿರುತ್ತದೆ ಎಂದು ಕೇಳಿದೆ. ಹುಡುಗ ಸುಮ್ಮನೆ ನಿಂತ. ಕಟ್ಟಿದ ಲೋಕದಲ್ಲಿ ಎಷ್ಟು ಸಲ ಒತ್ತಿದರೂ ಯಾರಿಗೂ ನೋವಾಗುವುದಿಲ್ಲ. ಬೆರಳಿಗೆ ಆದ ಆ ಅಭ್ಯಾಸ ಬೆಟ್ಟಕ್ಕೂ ಬರುತ್ತದೆ. ಶಾಲೆಯವರು ಕೂಗು ಕೇಳಿಸುವಾಗಲೇ ಇದನ್ನೂ ಹೇಳಿಕೊಡಬೇಕು.

ಶಿಡ್ಲಘಟ್ಟ. ಸೆಪ್ಟೆಂಬರ್.

ಬಸ್ಸಿನಿಂದ ಇಳಿಯುವ ಮೊದಲೇ ಊರು ಮೂಗಿಗೆ ಗೊತ್ತಾಗುತ್ತದೆ. ಗೂಡು ಬೇಯಿಸುವ ಬಿಸಿನೀರಿನ, ಹುಳುವಿನ ವಾಸನೆ. ಓಣಿ ಓಣಿಯಲ್ಲೂ ನೂಲು ಬಿಚ್ಚುವ ಮನೆಗಳು. ರಾಮನಗರ ಬಿಟ್ಟರೆ ರಾಜ್ಯದ ದೊಡ್ಡ ಗೂಡಿನ ಮಾರ್ಕೆಟ್ ಎಂದರೆ ಇದೇ. ಸುತ್ತಲ ಹಳ್ಳಿಗಳಲ್ಲಿ ಹಿಪ್ಪುನೇರಳೆ ತೋಟ, ಮನೆಗೊಂದು ಹುಳು ಮನೆ.

ಹತ್ತಿರದ ಹಳ್ಳಿಯ ಶಾಲೆಗೆ ದಾನಿಯೊಬ್ಬರು ರಟ್ಟಿನ ವಿಆರ್ ಕನ್ನಡಕಗಳನ್ನು ಕೊಟ್ಟಿದ್ದರು. ಒಳಗೆ ಫೋನ್ ಇಟ್ಟು ಕಣ್ಣಿಗೆ ಹಿಡಿದರೆ ಸುತ್ತಲೂ ಇನ್ನೊಂದು ಲೋಕ. ಅಂದಿನ ಪಾಠ ರೇಷ್ಮೆ ಹುಳುವಿನ ಜೀವನ ಚಕ್ರ. ಮೊಟ್ಟೆ ಒಡೆದು ಮರಿ ಬಂತು, ಬೆಳೆಯಿತು, ಗೂಡು ಕಟ್ಟಿತು, ಗೂಡು ಗಾಜಿನಂತಾಗಿ ಒಳಗೆ ಕೋಶ ಕಂಡಿತು, ಕೊನೆಗೆ ಬಿಳಿ ಚಿಟ್ಟೆ ಗೂಡು ಸೀಳಿ ಹೊರಬಂದು ಹಾರಿತು. ಒಟ್ಟು ಮೂರು ನಿಮಿಷದ ಆಟ.

ರೇಷ್ಮೆ ಊರಿನ ಮಕ್ಕಳಿಗೆ ರೇಷ್ಮೆ ಹುಳುವನ್ನು ರಟ್ಟಿನ ಡಬ್ಬಿಯಲ್ಲಿ ತೋರಿಸುವುದೇ ಎಂದು ಮೊದಲು ನನಗೆ ಬೇಸರವಾಯಿತು. ಈ ಮಕ್ಕಳು ಚಾಕಿ ಹುಳುವಿಗೆ, ಅಂದರೆ ಎಳೆಯ ಮರಿಗಳಿಗೆ, ಸೊಪ್ಪು ಹೆಚ್ಚಿ ಹಾಕಿದವರು. ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದ ಹುಳು ಸೊಪ್ಪು ತಿನ್ನುವಾಗ ಮಳೆ ಬಂದ ಹಾಗೆ ಸದ್ದಾಗುವುದನ್ನು ಕೇಳುತ್ತ ಮಲಗಿದವರು. ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟವರು. ಇವರಿಗೆ ಇದು ಏನು ಹೊಸದು ಹೇಳುತ್ತದೆ?

ಏಳನೇ ತರಗತಿಯ ಹುಡುಗಿಯೊಬ್ಬಳು ಕನ್ನಡಕ ಕೆಳಗಿಟ್ಟು ಮೇಷ್ಟ್ರಿಗೆ ಹೇಳಿದಳು: "ಇದು ತಪ್ಪು ಸಾರ್. ನಮ್ಮನೇಲಿ ಚಿಟ್ಟೆ ಬರಲ್ಲ."

"ಬರಲ್ಲ ಅಂದ್ರೆ?"

"ಗೂಡು ಕಟ್ಟಿದ್ಮೇಲೆ ಬಿಡಿಸಿ ಮಾರ್ಕೆಟ್ಟಿಗೆ ಹಾಕ್ತಾರೆ ಸಾರ್. ಅಷ್ಟೇ."

ತರಗತಿಯಲ್ಲಿ ಯಾರೂ ನಗಲಿಲ್ಲ, ಏಕೆಂದರೆ ಯಾರ ಮನೆಯಲ್ಲೂ ಚಿಟ್ಟೆ ಬಂದಿರಲಿಲ್ಲ. ನಾನು ಬರೆಯುತ್ತಿದ್ದ ಪೆನ್ನು ನಿಂತಿತು. ಅವಳ ಮಾತು ಸರಿ. ಚಿಟ್ಟೆ ಹೊರಬಂದರೆ ಗೂಡಿಗೆ ತೂತು ಬೀಳುತ್ತದೆ, ಆ ಗೂಡಿನ ನೂಲು ಬಿಚ್ಚಲಾಗದು. ಅದಕ್ಕೇ ಐದಾರು ದಿನಕ್ಕೆ ಗೂಡು ಬಿಡಿಸಿ ಮಾರುತ್ತಾರೆ, ನೂಲು ಬಿಚ್ಚುವ ರೀಲರ್ ಬೇಯಿಸುತ್ತಾನೆ. ಚಿಟ್ಟೆ ಹೊರಬರುವುದು ಬಿತ್ತನೆ ಗೂಡಿನಿಂದ, ಮೊಟ್ಟೆ ತಯಾರಿಸುವ ಗ್ರೇನೇಜುಗಳಲ್ಲಿ ಮಾತ್ರ. ತಲೆತಲಾಂತರದಿಂದ ಹುಳು ಸಾಕಿದ ಊರಿನಲ್ಲಿ ಒಂದು ಮಗು ರೇಷ್ಮೆ ಚಿಟ್ಟೆಯನ್ನು ಬದುಕಿನಲ್ಲಿ ಮೊದಲ ಸಲ ಕಂಡದ್ದು ರಟ್ಟಿನ ಡಬ್ಬಿಯಲ್ಲಿ. ನನ್ನ ಬೇಸರವನ್ನು ನಾನು ಹಿಂದಕ್ಕೆ ತೆಗೆದುಕೊಂಡೆ. ತಮ್ಮ ಮನೆಯ ಕಸುಬೇ ತಮ್ಮ ಕಣ್ಣಿನಿಂದ ಮರೆ ಮಾಡಿದ್ದನ್ನು ಆ ಡಬ್ಬಿ ಮಕ್ಕಳಿಗೆ ತೋರಿಸಿತ್ತು.

ಆದರೆ ಅವಳು ಅದನ್ನು ನಂಬಲಿಲ್ಲ. ನಂಬದೆ ಇದ್ದದ್ದೂ ಒಳ್ಳೆಯದೇ ಆಯಿತು.

"ಹಂಗಾದ್ರೆ ನೋಡೇಬಿಡೋಣ" ಅಂದರು ಮೇಷ್ಟ್ರು.

ಸೋಮವಾರ. ಹುಡುಗಿಯ ಅಪ್ಪ ಗೂಡು ಬಿಡಿಸುವ ದಿನ ಹನ್ನೆರಡು ಗೂಡು ಕಳಿಸಿದ್ದಾರೆ, ತಿಳಿ ಹಳದಿ. ಜೊತೆಗೆ ಒಂದು ಷರತ್ತು: ಚಿಟ್ಟೆ ಮೊಟ್ಟೆ ಇಟ್ಟರೆ ಆ ಮೊಟ್ಟೆ ಮನೆ ಕಡೆ ತರಕೂಡದು. ಗಂಟು ರೋಗದ ಭಯ. ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುವ ಆ ರೋಗವನ್ನು ಹಿಡಿಯಲು ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮವನ್ನು ಲೂಯಿ ಪಾಶ್ಚರ್ 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಹಾಕಿಕೊಟ್ಟರು. ಇಂದಿಗೂ ಗ್ರೇನೇಜುಗಳಲ್ಲಿ ಅದೇ ಕ್ರಮ. ಆ ಅಪ್ಪನಿಗೆ ಪಾಶ್ಚರ್ ಹೆಸರು ಗೊತ್ತಿರಲಿಕ್ಕಿಲ್ಲ, ಪಾಠ ಪಕ್ಕಾ ಗೊತ್ತಿದೆ. ಗೂಡುಗಳನ್ನು ಚಪ್ಪಲಿ ಡಬ್ಬಿಯಲ್ಲಿಟ್ಟು ಮೇಲೆ ಸೊಳ್ಳೆಪರದೆ ತುಂಡು ಕಟ್ಟಿದೆವು. ಹುಡುಗಿ ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೋಶ ಗಲಗಲ ಅನ್ನುವುದನ್ನು ಕೇಳಿ ಇಟ್ಟಳು. ಹನ್ನೊಂದು ಗಲಗಲ ಅಂದವು.

ಮಂಗಳವಾರ. ಮೊದ್ದಾಗಿದ್ದ ಆ ಹನ್ನೆರಡನೇ ಗೂಡಿನ ತುದಿಯಲ್ಲಿ ಸೂಜಿಯಿಂದ ಚುಚ್ಚಿದಂಥ ದುಂಡು ತೂತು. ಡಬ್ಬಿಯ ಮೂಲೆಯಲ್ಲಿ ಅನ್ನದ ಅಗುಳಿನಂಥ ಒಂದು ಹುಳು ತೆವಳುತ್ತಿದೆ. ಪೇಟೆಯ ಕಡೆಯಿಂದ ಬರುವ ಇಬ್ಬರು ಮಕ್ಕಳು ಚಿಟ್ಟೆಯ ಮರಿ ಅಂದರು. ಹುಡುಗಿ ಒಂದೇ ನೋಟಕ್ಕೆ "ಊಜಿ" ಅಂದಳು. ಊಜಿ ನೊಣ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಅದರ ಮರಿ ಹುಳುವನ್ನು ಒಳಗಿನಿಂದ ತಿಂದು ಗೂಡು ಕೊರೆದು ಹೊರಬರುತ್ತದೆ. 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದ ಶತ್ರು, ಇನ್ನೂ ಹೋಗಿಲ್ಲ. ಮೂರು ನಿಮಿಷದ ಆ ಲೋಕದಲ್ಲಿ ಊಜಿ ಇರಲಿಲ್ಲ. ಅಲ್ಲಿ ಎಲ್ಲ ಹುಳುವೂ ಚಿಟ್ಟೆಯಾಗುತ್ತದೆ. ಇಂಥ ಕಾರ್ಯಕ್ರಮಗಳನ್ನು ಕಟ್ಟುವವರು ಒಮ್ಮೆ ಹುಳು ಮನೆಯಲ್ಲಿ ಒಂದು ರಾತ್ರಿ ಮಲಗಿದ್ದರೆ ಊಜಿಯನ್ನು ಮರೆಯುತ್ತಿರಲಿಲ್ಲ.

ಬುಧವಾರದಿಂದ ಶನಿವಾರ. ಏನೂ ಇಲ್ಲ. ಊಜಿ ಹುಳು ಕಂದು ಬಣ್ಣದ ಸಣ್ಣ ಗುಳಿಗೆಯಂತಾಗಿದೆ, ಬೇರೆ ಸೀಸೆಗೆ ಹಾಕಿ ಬಿಗಿಯಾಗಿ ಮುಚ್ಚಿದ್ದಾರೆ. ಮಕ್ಕಳು ಬಂದು ನೋಡುತ್ತಾರೆ, ಹೋಗುತ್ತಾರೆ. ಗುರುವಾರದ ಹೊತ್ತಿಗೆ ಅರ್ಧಕ್ಕರ್ಧ ಮಕ್ಕಳು ಬರುವುದು ಬಿಟ್ಟರು. ಶುಕ್ರವಾರ ಒಬ್ಬ ಕೇಳಿದ, "ಸಾರ್, ಬೇಗ ಮಾಡೋಕಾಗಲ್ವಾ?" ಮೇಷ್ಟ್ರು ಆಗಲ್ಲ ಅಂದರು. ನನಗೆ ಕಟ್ಟಿದ ಲೋಕದ ಬಗ್ಗೆ ಇರುವ ಅತಿ ದೊಡ್ಡ ಅಳುಕು ಇದೇ. ಕಣ್ಣು ತಲುಪದಲ್ಲಿಗೆ ಅದು ಕರೆದೊಯ್ಯಲಿ, ಬಹಳ ದೊಡ್ಡದನ್ನು, ಬಹಳ ದೂರದ್ದನ್ನು, ಮುಚ್ಚಿದ ಗೂಡಿನ ಒಳಗಿನದನ್ನು ತೋರಿಸಲಿ. ಕಾಯುವ ಕೆಲಸವನ್ನು ಮಾತ್ರ ಮಗುವಿನ ಕೈಯಿಂದ ಕಿತ್ತುಕೊಳ್ಳಬಾರದು. ಏನೂ ಆಗದ ಆ ನಾಲ್ಕು ದಿನಗಳಲ್ಲಿಯೇ ಹುಡುಗಿ ಮೂವತ್ತೊಂದು ಪ್ರಶ್ನೆ ಬರೆದಳು. ಕೋಶ ಉಸಿರಾಡುತ್ತಾ? ಅದಕ್ಕೆ ಕತ್ತಲು ಗೊತ್ತಾಗುತ್ತಾ? ಬೇಯಿಸುವಾಗ ನೋವಾಗುತ್ತಾ? ಕೊನೆಯ ಪ್ರಶ್ನೆಯನ್ನು ಬರೆದು ಹೊಡೆದುಹಾಕಿ ಮತ್ತೆ ಬರೆದಿದ್ದಳು.

ಮುಂದಿನ ಸೋಮವಾರ. ಬೆಳಗಿನ ಆರೂ ನಲವತ್ತು. ಚಿಟ್ಟೆ ಬೆಳಗ್ಗೆಯೇ ಬರುತ್ತದೆ ಎಂದು ಕೇಳಿದ್ದರಿಂದ ಮೇಷ್ಟ್ರು ಬೀಗದ ಕೈ ತಂದಿದ್ದಾರೆ. ಹುಡುಗಿ, ಅವಳ ತಮ್ಮ, ನಾನು. ಒಂದು ಗೂಡಿನ ತುದಿ ಒದ್ದೆಯಾಗಿದೆ, ಚಹಾ ಹನಿ ಬಿದ್ದ ಹಾಗೆ. ಚಿಟ್ಟೆ ಬಾಯಿಂದ ಬಿಡುವ ದ್ರವ ಎಳೆಗಳ ಅಂಟನ್ನು ಕರಗಿಸುತ್ತದೆ. ಸೀಳುವುದಲ್ಲ, ಎಳೆಗಳನ್ನು ಸರಿಸಿಕೊಂಡು ನುಸುಳುವುದು. ಮೊದಲು ನೆನೆದ ತಲೆ. ಆಮೇಲೆ ಮುಂಗಾಲು, ಗೂಡಿನ ಅಂಚನ್ನು ಹಿಡಿಯಲು ತಡಕಾಡಿತು, ಜಾರಿತು, ಮತ್ತೆ ಹಿಡಿಯಿತು. ಹುಡುಗಿಯ ತಮ್ಮ ಸಹಾಯ ಮಾಡಲು ಬೆರಳು ಚಾಚಿದ, ಅವಳು ಅವನ ಕೈ ಹಿಡಿದುಕೊಂಡಳು. ಮೈ ಪೂರ್ತಿ ಹೊರಬಂದಾಗ ರೆಕ್ಕೆಗಳು ನೀರಿಗೆ ಬಿದ್ದ ಕಾಗದದ ಹಾಗೆ ಮುದುಡಿದ್ದವು. ಕೆಂಗಂದು ಹನಿಯೊಂದನ್ನು ವಿಸರ್ಜಿಸಿತು. ಅರ್ಧ ಗಂಟೆಯಲ್ಲಿ ರೆಕ್ಕೆ ಬಿಚ್ಚಿತು, ಬೆಳ್ಳಗೆ ಒಣಗಿತು.

"ಹಾರಲ್ವಾ?" ಅಂದ ತಮ್ಮ.

ಹಾರಲಿಲ್ಲ. ಸಾವಿರಾರು ವರ್ಷ ಮನುಷ್ಯರ ಮನೆಯಲ್ಲಿ ಸಾಕಿಸಿಕೊಂಡ ಈ ಚಿಟ್ಟೆ ಹಾರುವುದನ್ನೇ ಕಳೆದುಕೊಂಡಿದೆ, ತಿನ್ನುವ ಬಾಯಿಯೂ ಇಲ್ಲ. ಡಬ್ಬಿಯ ಲೋಕದಲ್ಲಿ ಹಾರಿದ್ದು ತಪ್ಪು. ಹುಡುಗಿ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಂಡಳು. ಎರಡು ತಪ್ಪು, ಒಂದು ಸರಿ ಎಂದು ಲೆಕ್ಕ ಹಾಕಿದಳು. ಆ ಒಂದು ಸರಿ ಯಾವುದೆಂದು ನಾನು ಕೇಳಲಿಲ್ಲ. ಅವಳು ಚಿಟ್ಟೆಯನ್ನೇ ನೋಡುತ್ತಿದ್ದಳು.

ಎಂಟು ಗಂಟೆಗೆ ಎರಡನೆಯದು ಬಂತು, ಗಂಡು. ರೆಕ್ಕೆ ಒಣಗಿದ್ದೇ ತಡ ಪಟಪಟ ಬಡಿಯುತ್ತ ಡಬ್ಬಿಯೊಳಗೆ ಸುತ್ತತೊಡಗಿತು. ಸುತ್ತು ಕಿರಿದಾಗುತ್ತ ಕಿರಿದಾಗುತ್ತ ಮೊದಲು ಬಂದಿದ್ದ ಹೆಣ್ಣಿನ ಹತ್ತಿರ ಬಂದಿತು. ನಡುವೆ ರಟ್ಟು ಅಡ್ಡ ಇಟ್ಟು ನೋಡಿದೆವು, ಆಗಲೂ ಅದೇ ದಿಕ್ಕಿಗೆ ತಿರುಗಿತು. ಹೆಣ್ಣು ಸೂಸುವ ವಾಸನೆ ಅದನ್ನು ಎಳೆಯುತ್ತದೆ. ಜರ್ಮನಿಯ ಅಡಾಲ್ಫ್ ಬ್ಯುಟೆನಾಂಟ್ ಐದು ಲಕ್ಷ ಹೆಣ್ಣು ಚಿಟ್ಟೆಗಳಿಂದ ಆ ವಸ್ತುವನ್ನು ಚೂರೇ ಚೂರು ಬೇರ್ಪಡಿಸಿ 1959ರಲ್ಲಿ ಅದು ಏನೆಂದು ಹೇಳಿದರು. ಕೀಟವೊಂದರ ಇಂಥ ವಾಸನೆಯ ಗುಟ್ಟು ರಸಾಯನಶಾಸ್ತ್ರಕ್ಕೆ ಸಿಕ್ಕಿದ್ದು ಅದೇ ಮೊದಲು. ನಮ್ಮ ಮೂಗಿಗೆ ಏನೂ ಬರಲಿಲ್ಲ. ಹುಡುಗಿ ಡಬ್ಬಿಗೆ ಮೂಗಿಟ್ಟು ಬಹಳ ಹೊತ್ತು ಮೂಸಿದಳು.

ಒಂಬತ್ತೂವರೆಗೆ ಶಾಲೆಯೆಲ್ಲ ಬಂದು ಡಬ್ಬಿಯ ಸುತ್ತ ಮುಗಿಬಿತ್ತು. ಹಾಲು ಹಾಕಲು ಬಂದಿದ್ದ ಹುಡುಗಿಯ ಅಪ್ಪನೂ ಬಾಗಿಲಲ್ಲಿ ನಿಂತು ನೋಡಿದರು. ಇಪ್ಪತ್ತು ವರ್ಷದಿಂದ ಹುಳು ಸಾಕುವವರು. ಏನೂ ಹೇಳಲಿಲ್ಲ, ಹೋಗುವಾಗ ಚಪ್ಪಲಿ ಹಾಕಿಕೊಳ್ಳುತ್ತ ಮತ್ತೊಮ್ಮೆ ತಿರುಗಿ ನೋಡಿದರು.

ಗುರುವಾರ. ಹನ್ನೆರಡು ಗೂಡು: ಒಂಬತ್ತು ಚಿಟ್ಟೆ, ಒಂದು ಊಜಿ, ಎರಡು ತೆರೆಯಲೇ ಇಲ್ಲ. ಹೆಣ್ಣುಗಳು ಬಿಳಿ ಕಾಗದದ ಮೇಲೆ ಮೊಟ್ಟೆ ಇಟ್ಟಿವೆ, ಗಸಗಸೆಗಿಂತ ಸ್ವಲ್ಪ ದೊಡ್ಡವು, ಹಳದಿ, ಒಂದರ ಪಕ್ಕ ಒಂದು ಅಂಟಿಸಿದ ಹಾಗೆ. ಚಿಂತಾಮಣಿಯಲ್ಲಿ ರೇಷ್ಮೆ ಕಾಲೇಜು ಇದೆ, ಅಲ್ಲಿಗೆ ಒಯ್ದರೆ ತಾಯಿ ಚಿಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಹುದು ಎಂದು ಮೇಷ್ಟ್ರು ಬಸ್ಸಿನ ಖರ್ಚು ಲೆಕ್ಕ ಹಾಕುತ್ತಿದ್ದಾರೆ.

ವಿಆರ್ ಪಾಠದಲ್ಲಿ ಒಂದು ಚಿಟ್ಟೆ ನಾನೂರರಿಂದ ಐನೂರು ಮೊಟ್ಟೆ ಇಡುತ್ತದೆ ಎಂದು ಹೇಳಿತ್ತು. ಹುಡುಗಿ ಒಂದೇ ಚಿಟ್ಟೆ ಮೊಟ್ಟೆ ಇಟ್ಟಿದ್ದ ಕಾಗದವನ್ನು ಕಿಟಕಿಯ ಬೆಳಕಿಗೆ ತಂದು, ಭೂತಗನ್ನಡಿ ಹಿಡಿದು, ಸೂಜಿಯ ತುದಿಯಿಂದ ಒಂದೊಂದನ್ನೇ ಎಣಿಸಿದಳು. ಮೊದಲ ಸಲ ಮುನ್ನೂರ ಅರವತ್ತೊಂದು. ಎರಡನೇ ಸಲ ಮುನ್ನೂರ ಐವತ್ತೆಂಟು. ಯಾವುದು ಸರಿ ಎಂದು ನನ್ನ ಮುಖ ನೋಡಿದಳು. ನನಗೆ ಗೊತ್ತಿಲ್ಲ ಅಂದೆ. ಊಟದ ಗಂಟೆ ಹೊಡೆಯಿತು, ತಟ್ಟೆಗಳ ಸದ್ದು ಶುರುವಾಯಿತು. ಅವಳು ಕಾಗದದ ಎಡ ಮೂಲೆಗೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟುಕೊಂಡು ಒಂದು, ಎರಡು ಎಂದು ಮತ್ತೆ ಮೊದಲಿಂದ ಹಿಡಿದಳು.